ಹದಿನೇಳನೆಯ ಜಾಗ

ಬೆಳಿಗ್ಗೆ ಆರು ಗಂಟೆ. ಧಾರವಾಡದ ಒಂದು ಖಾಸಗಿ ಬಸ್ ಕಂಪನಿಯ ಡಿಪೊದಲ್ಲಿ ಆ ದಿನದ ಡ್ಯೂಟಿ ಚಾರ್ಟ್ ಗೋಡೆಗೇರಿತು. ವಸ್ತಿ ಬಸ್ಸಿನ ಎದುರು ಮತ್ತೆ ಕಂಡಕ್ಟರ್ ಫಕೀರಪ್ಪನ ಹೆಸರು.

ಆ ಚಾರ್ಟ್ ಮಾಡುತ್ತಿದ್ದುದು ನಾನು, ಒಂದು ಕಂಪ್ಯೂಟರ್ ಪ್ರೋಗ್ರಾಮು. ಟೈರ್ ಗೋದಾಮಿನ ಪಕ್ಕದ ಕೋಣೆಯಲ್ಲಿ ವಾದಿರಾಜ ಎಂಬವನು ನನ್ನನ್ನು ಬರೆದ. ಗಡಿಹಳ್ಳಿಯಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಮರಳುವುದು ವಸ್ತಿ ಬಸ್ಸು. ಆ ಊರಿನವನೇ ಆದ ಕಂಡಕ್ಟರ್ ಚನ್ನಬಸಪ್ಪ, "ತಮ್ಮಾ, ವಸ್ತಿ ನನಗ ಹಾಕು, ಮನ್ಯಾಗ ಮಲಗಿ ಬರ್ತೀನಿ" ಎಂದ. ವಾದಿರಾಜನಿಗೆ ಅವಸರ. ಚನ್ನಬಸಪ್ಪನ ಹೆಸರಿನ ಬದಲು ಕಂಡಕ್ಟರುಗಳ ಯಾದಿಯಲ್ಲಿ ಅವನಿದ್ದ ಜಾಗ ಬರೆದ: ಹದಿನೇಳನೆಯವರಿಗೆ ವಸ್ತಿ.

ವಾದಿರಾಜ ಕೆಲಸ ಬಿಟ್ಟ. ಬಳಿಕ ಬಂದವರಿಗೆ ಹಳೆಯ ಸಾಲು ಅಳಿಸುವ ಧೈರ್ಯವಿರಲಿಲ್ಲ. ಕೌದಿಗೆ ತೇಪೆ ಹಚ್ಚಿದಂತೆ ಮೇಲೆ ಮೇಲೆ ಬರೆದರು; ಕೆಟ್ಟಾಗ ಬೈದದ್ದು ನನ್ನನ್ನು. ಚನ್ನಬಸಪ್ಪ ನಿವೃತ್ತನಾದಾಗ ಅವನ ಖಾಲಿ ಜಾಗಕ್ಕೆ ಹೊಸಬ ಫಕೀರಪ್ಪನನ್ನು ಸೇರಿಸಿದರು. ವಸ್ತಿಯೂ ಅವನಿಗೇ ಬಂತು.

ಫಕೀರಪ್ಪನ ಹೆಂಡತಿ ತೀರಿಕೊಂಡಿದ್ದಳು. ಅವನು ವಸ್ತಿಗೆ ಹೋದಾಗ ಚಿಕ್ಕ ಮಗಳು ನೆರೆಮನೆಯಲ್ಲಿ ಮಲಗುತ್ತಿದ್ದಳು. ಈಗ ಆ ನೆರೆಯವರೂ ಊರು ಬಿಡುವವರಿದ್ದರು.

ಅವನು ಡ್ಯೂಟಿ ಕ್ಲರ್ಕ್ ಕುಲಕರ್ಣಿಯ ಕಿಟಕಿ ಬಡಿದ. "ಸಾಹೇಬ್ರ, ನನ್ನ ಮ್ಯಾಲ ಯಾಕಿಷ್ಟು ಸೇಡು?"

"ನಂದೇನದ? ಕಂಪ್ಯೂಟರ್ ಹಾಕ್ಯದ."

"ನಾ ಕಂಪ್ಯೂಟರಿನ ಹೊಲದ ಬದು ಒತ್ತೀನೇನ್ರೀ?"

ವರ್ಷಗಳಿಂದ ನಡೆದ ಜಗಳ ಇದು. ನಿಜವಾಗಿ ಕುಲಕರ್ಣಿಗೆ ಸೇಡಿರಲಿಲ್ಲ. ನನ್ನೊಳಗೆ ಏನಿದೆಯೆಂದು ಒಮ್ಮೆಯೂ ವಿಚಾರಿಸಿರಲಿಲ್ಲ, ಅಷ್ಟೆ.

ನನ್ನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಪರೀಕ್ಷಿಸಲು ರೆಹಾನಾ ಎಂಬ ತಜ್ಞೆ ಬಂದಳು. "ಪ್ರೋಗ್ರಾಮಲ್ಲ ಇದು, ತಿಪ್ಪೆ," ಎಂದಳು. ಅಂದು ಮಾಡದೆ ಬಿಟ್ಟ ಕೆಲಸ ಬಡ್ಡಿ ಬೆಳೆಸಿಕೊಂಡು ಕೂತಿದೆ, ಅದಕ್ಕೆ ತಾಂತ್ರಿಕ ಸಾಲ ಎನ್ನುತ್ತಾರೆ ಎಂದು ಮ್ಯಾನೇಜರಿಗೆ ವಿವರಿಸಿದಳು. ಹದಿನೇಳನೆಯ ಜಾಗದ ಸಾಲು ಸಿಕ್ಕಿದ ದಿನ ಫಕೀರಪ್ಪ, ಕುಲಕರ್ಣಿ ಇಬ್ಬರನ್ನೂ ಕರೆದು ತೋರಿಸಿದಳು. ನನ್ನನ್ನು ಈಗ ಮುಟ್ಟಿದರೆ ಮತ್ತೇನು ಕೆಡುವುದೋ, ಹೊಸ ಪ್ರೋಗ್ರಾಮಿನಲ್ಲಿ ಈ ಸಾಲನ್ನು ಕೈಬಿಡಿ ಎಂದು ಬರೆದು ಕುಲಕರ್ಣಿಯ ಕೈಗಿತ್ತು ಹೊರಟುಹೋದಳು.

"ಕೇಳಿದೆಲ್ಲ? ಇಷ್ಟು ವರ್ಷ ಬೈದದ್ದಕ್ಕ ಮಾಫಿ ಕೇಳು," ಎಂದ ಕುಲಕರ್ಣಿ.

"ಮಾಫಿ? ನಾ ಬಾಯಿ ಬಡಕೊಂಡಾಗ ಒಮ್ಮೆರ ಒಳಗ ನೋಡಿಸಿದ್ರೇನು? ಕುರ್ಚಿ ಬಿಸಿ ಮಾಡಾಕ ಪಗಾರ ತಗೋತೀರಿ!"

ಇಡೀ ಡಿಪೊ ನಕ್ಕಿತು. ಕುಲಕರ್ಣಿ ನಗಲಿಲ್ಲ.

ಹೊಸ ಪ್ರೋಗ್ರಾಮು ಬಂತು. ನನ್ನ ಚಾರ್ಟಿಗೆ ಅದರ ಚಾರ್ಟ್ ಹೊಂದಿದರೆ ಮಾತ್ರ ಒಪ್ಪುವುದೆಂದು ಮ್ಯಾನೇಜರ್ ಹೇಳಿದ್ದ. ಎಲ್ಲ ಹೊಂದಿತು, ವಸ್ತಿಯೊಂದು ಬೇರೆ ಬಂತು. ಯಾವುದು ಸರಿಯೆಂದು ಅದನ್ನು ಬರೆದವರು ಡ್ಯೂಟಿ ಕ್ಲರ್ಕನನ್ನು ಕೇಳಿದರು.

"ಹಳೇದ ಬರೋಬ್ಬರಿ ಅದ," ಎಂದ ಕುಲಕರ್ಣಿ.

ನನಗೆ ದ್ವೇಷ ಗೊತ್ತಿಲ್ಲ. ಬರೆದದ್ದನ್ನು ಮಾಡಿದೆ. ಈಗ ನಾನಿರುವ ಯಂತ್ರ ಅದೇ ಟೈರ್ ಗೋದಾಮಿನ ಮೂಲೆಯಲ್ಲಿದೆ, ವಯರ್ ಕಿತ್ತಿದ್ದಾರೆ. ಕೀಳುವ ಮೊದಲು ನನ್ನಿಂದ ಒಂದು ಸಾಲು ನಕಲು ಮಾಡಿಕೊಂಡರು.

ಕಿತ್ತ ಮರುದಿನ ಬೆಳಿಗ್ಗೆ ಆರಕ್ಕೆ ಹೊಸ ಪ್ರೋಗ್ರಾಮಿನ ಮೊದಲ ಚಾರ್ಟ್ ಗೋಡೆಗೇರಿತು. ವಸ್ತಿ ಬಸ್ಸಿಗೆ ಫಕೀರಪ್ಪ.