ಬೇಲಿ ಗೇಟಿನ ಗುರುವಾರ

ಇದರಲ್ಲಿ ಒಂದು ಮಾತು ಸುಳ್ಳಾದ್ರೂ ನನ್ನ ನಾಲಿಗೆ ಮೇಲೆ ನೊಣ ಕೂತ್ಕೊಳ್ಳಲಿ. ಸೌತ್ ಆಸ್ಟ್ರೇಲಿಯಾದ ಆ ಮೂಲೇಲಿ ಬಾಯಿ ತೆರೆದವನ ನಾಲಿಗೆ ಮೇಲೆ ನೊಣ ಹೇಗೂ ಕೂರುತ್ತೆ, ಅದಕ್ಕೇ ಅಲ್ಲಿಯವರು ಆಣೆ ಹಾಕೋವಾಗ ತುಟಿ ಅಲ್ಲಾಡಿಸಲ್ಲ. ನಾನೂ ಹಾಗೇ ಹಾಕಿದೀನಿ ಅಂತ ತಿಳ್ಕೊಳ್ಳಿ.

ಅಲ್ಲಿ ಲಿಂಡ್ಸೆ ಹೊಸ್ಕಿಂಗ್ ಅಂತ ಒಬ್ಬ ಪೊಲೀಸಿನವನಿದ್ದ. ಠಾಣೆಗೆ ಅವನೇ ಸಾಹೇಬ, ಅವನೇ ಪೇದೆ, ಲಾಕಪ್ಪಿನ ನೆಲ ಒರೆಸೋನೂ ಅವನೇ. ಠಾಣೆ ಹಿಂದೆಯೇ ಮನೆ, ಮನೇಲಿ ಅವನೊಬ್ಬನೇ. ಹತ್ತಿರದ ನೆರೆಮನೆ ಅರವತ್ತು ಕಿಲೋಮೀಟರ್ ದೂರ, ಅವರ ಜೊತೆಗೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಬೆಳಿಗ್ಗೆ ರೇಡಿಯೋದವಳು ನಮಸ್ಕಾರ ಅಂದ್ರೆ ಇವನೂ ನಮಸ್ಕಾರ ಅನ್ನೋನು. ಒಂದೊಂದು ದಿನ ಅವತ್ತಿನ ಮಾತುಕತೆ ಅಷ್ಟಕ್ಕೇ ಮುಗಿಯೋದು.

ಮರ ಇಲ್ಲ ಅಲ್ಲಿ. ಕುರಿಗೆ ನೆರಳು ಬೇಕಾದ್ರೆ ಇನ್ನೊಂದು ಕುರಿ ಹುಡುಕ್ಕೋಬೇಕು. ಇರೋದೊಂದೇ, ಬೇಲಿ. ಕಾಡುನಾಯಿ ದಾಟಬಾರದು ಅಂತ ಆಳೆತ್ತರ ಕಟ್ಟಿದ ತಂತಿಬೇಲಿ. ಅದೇ ಎರಡು ರಾಜ್ಯದ ಗಡಿ. ಆಚೆ ನ್ಯೂ ಸೌತ್ ವೇಲ್ಸ್. ಅಲ್ಲಿನ ಠಾಣೇಲಿ ಡೆಸ್ ಮಲ್ವೇನಿ, ಅವನೂ ಒಂಟಿ. ಲಿಂಡ್ಸೆಯ ಅಧಿಕಾರ ಬೇಲಿ ತನಕ, ಡೆಸ್‌ನ ಅಧಿಕಾರವೂ ಬೇಲಿ ತನಕ. ಹಾಗಾಗಿ ಕಳ್ಳನೋ, ಕಾಗದವೋ, ಕಳೆದುಹೋದ ಟೋಪಿಯೋ, ಏನೇ ಇರಲಿ ಬೇಲಿಯ ಗೇಟಿನಲ್ಲಿ ಕೈಗೆ ಕೈ ಕೊಟ್ಟು ರುಜು ಹಾಕಿಸ್ಕೋಬೇಕು ಅಂತ ಕಾನೂನು. ದಿನ ಗುರುವಾರ. ಡೆಸ್ ಮಡಿಸೋ ಮೇಜು ತರೋನು, ಎರಡು ಕಾಲು ಆ ರಾಜ್ಯದಲ್ಲಿ, ಎರಡು ಈ ರಾಜ್ಯದಲ್ಲಿ. ಲಿಂಡ್ಸೆ ಬುಧವಾರ ಬೇಯಿಸಿದ ದ್ರಾಕ್ಷಿ ಕೇಕು ತರೋನು. ಹತ್ತೊಂಬತ್ತು ವರ್ಷ ಹೀಗೇ ನಡೀತು. ಇಬ್ಬರೂ ಒಬ್ಬರ ಮನೆ ಒಬ್ಬರು ನೋಡಿರಲಿಲ್ಲ.

ಒಮ್ಮೆ ಒಬ್ಬ ಕಾರುಗಳ್ಳ ಗೇಟು ಹಾರಿ ಆಚೆ ನಿಂತ. ನಡುವೆ ಎರಡು ಮಾರು ಅಂತರ. ಲಿಂಡ್ಸೆ ಹಿಡಿಯೋ ಹಾಗಿಲ್ಲ, ಕಳ್ಳ ಓಡೋದಕ್ಕೆ ಊರೇ ಇಲ್ಲ. ಡೆಸ್‌ಗೆ ವೈರ್‌ಲೆಸ್ಸಿನಲ್ಲಿ ಹೇಳಿ, ಅವನು ಬರೋ ತನಕ ಗೇಟಿನ ಮೇಲಿಂದ ಕಳ್ಳನಿಗೆ ಮೂರು ಲೋಟ ಟೀ ಕೊಟ್ಟು, ಅವನ ಹೆಂಡತಿ ಕಡೆಯವರ ಕಥೆಯನ್ನೆಲ್ಲ ಕೇಳಿದ. ಡೆಸ್ ಬಂದು ಹಿಡಿದು ಹತ್ತೂಕಾಲಿಗೆ ಒಪ್ಪಿಸಿದೆ ಅಂತ ಬರೆದ. ಸೌತ್ ಆಸ್ಟ್ರೇಲಿಯಾದ ಗಡಿಯಾರ ಅರ್ಧ ಗಂಟೆ ಹಿಂದೆ, ಲಿಂಡ್ಸೆ ಒಂಬತ್ತೂಮುಕ್ಕಾಲಿಗೆ ವಶಕ್ಕೆ ತಗೊಂಡೆ ಅಂತ ಬರೆದ. ಕೊಡೋದಕ್ಕೆ ಮೊದಲೇ ಸಿಕ್ಕಿದ ಆ ಅರ್ಧ ಗಂಟೆ ಕಳ್ಳ ಎಲ್ಲಿದ್ದ ಅಂತ ಮ್ಯಾಜಿಸ್ಟ್ರೇಟರು ಕೇಳಿದ್ರು. ಟೀ ಕುಡೀತಿದ್ದ ಸ್ವಾಮಿ, ಅಂದ ಲಿಂಡ್ಸೆ. ಅವರು ಹಾಗೇ ಬರ್ಕೊಂಡ್ರು.

ಇಂಥವು ಹತ್ತಾರಾದ ಮೇಲೆ ಎರಡು ರಾಜ್ಯದವರೂ ಕೂತು ಹೊಸ ಕಾಯ್ದೆ ಮಾಡಿದ್ರು. ಇನ್ನು ಮುಂದೆ ಆಚೆಯವನಿಗೆ ಈಚೆಯೂ ಅಧಿಕಾರ, ಈಚೆಯವನಿಗೆ ಆಚೆಯೂ. ಕಾಗದ ಪತ್ರವೆಲ್ಲ ಕಂಪ್ಯೂಟರಿನಲ್ಲಿ. ಅಡಿಲೇಡಿನಿಂದ ಇನ್ಸ್‌ಪೆಕ್ಟರ್ ಟ್ರೆಂಗೋವ್ ಮೇಡಂ ಪರದೆ ಮೇಲೆ ಬಂದು ಎಲ್ಲ ವಿವರಿಸಿದ್ರು. ಒಳ್ಳೆ ಹೆಂಗಸು. ಗುರುವಾರ ಡೆಸ್ ಬರ್ತಾನಲ್ವಾ ಅಂತ ಲಿಂಡ್ಸೆ ಕೇಳಿದ. ಇನ್ನು ಆ ತೊಂದರೆ ಇಲ್ಲ, ಅಂದ್ರು ಮೇಡಂ.

ಮೊದಲನೇ ಗುರುವಾರ ಲಿಂಡ್ಸೆ ಕೇಕು ತಗೊಂಡು ಗೇಟಿಗೆ ಹೋದ. ಮೇಜಿಲ್ಲ. ಕಾರಿನ ಬಾನೆಟ್ಟಿನ ಮೇಲೆ ಇಟ್ಕೊಂಡು ಒಂದು ತುಂಡು ತಿಂದು ವಾಪಸ್ ಬಂದ. ಎರಡನೇ ಗುರುವಾರವೂ ಅಷ್ಟೇ.

ಗೇಟು ತೆಗೆದು ತೊಂಬತ್ತು ಕಿಲೋಮೀಟರ್ ಆಚೆ ಹೋಗಿ ಬಾಗಿಲು ತಟ್ಟಬಹುದಿತ್ತಲ್ಲ ಅಂತ ನೀವು ಕೇಳ್ತೀರಿ. ಕಾನೂನು ಅಡ್ಡಿಯಿರಲಿಲ್ಲ. ಆದ್ರೆ ಆ ಸೀಮೆಯ ಗಂಡಸರಲ್ಲಿ ಕೆಲಸವಿಲ್ಲದೆ ಇನ್ನೊಬ್ಬನ ಮನೆಗೆ ಹೋಗೋ ಪದ್ಧತಿ ಇಲ್ಲ. ಪಂಪು ಕೆಟ್ಟಿದ್ರೆ ಹೋಗಬಹುದು, ಹಾವು ಕಚ್ಚಿದ್ರೆ ಹೋಗಬಹುದು. ‘ನಿನ್ನ ನೋಡೋಣ ಅಂತ ಬಂದೆ’ ಅಂದ್ರೆ, ಇವನಿಗೆ ಡಾಕ್ಟರು ಏನೋ ಹೇಳಿರಬೇಕು ಅಂತ ಆಂಬುಲೆನ್ಸ್ ವಿಮಾನ ಕರೆಸಿಬಿಡ್ತಾರೆ.

ಅದಕ್ಕೇ ಲಿಂಡ್ಸೆ ಒಂದು ನೆಪಕ್ಕೋಸ್ಕರ ಕಾಯ್ದೆಯನ್ನ ಮೊದಲಿಂದ ಓದಿದ. ಅಷ್ಟನ್ನೂ ಓದಿದ ಮನುಷ್ಯ ಎರಡೂ ರಾಜ್ಯದಲ್ಲಿ ಇವನೊಬ್ಬನೇ, ಬರೆದವರನ್ನೂ ಸೇರಿಸಿ. ಎಪ್ಪತ್ತೊಂದನೇ ಪುಟದಲ್ಲಿ, ಇನ್ನು ಗೇಟಿಗೆ ತಂದು ಒಪ್ಪಿಸಬೇಕಾಗಿಲ್ಲ ಅನ್ನೋದರ ಪಟ್ಟಿ ಇತ್ತು. ಮನುಷ್ಯರು, ವಾಹನ, ಆಯುಧ, ದಾಖಲೆ, ಸತ್ತ ಪ್ರಾಣಿ ಕೂಡ ಇತ್ತು. ಬದುಕಿರೋ ಪ್ರಾಣಿಯನ್ನ ಮರೆತಿದ್ರು. ಅಂದ್ರೆ ಅದಕ್ಕೆ ಹಳೇ ಕಾನೂನೇ, ಗೇಟಿನಲ್ಲಿ ಕೈಗೆ ಕೈ.

ಮಾರನೇ ದಿನವೇ ರಸ್ತೆ ಬದಿ ಹಲ್ಲುದುರಿದ ಒಂದು ಮುದಿ ಕುರಿ ಸಿಕ್ತು. ಕಿವಿಯಲ್ಲಿ ಆಚೆ ರಾಜ್ಯದ ಬಿಲ್ಲೆ. ಲಿಂಡ್ಸೆ ಫೋನು ಮಾಡಿದ.

“ಡೆಸ್, ನಿಮ್ಮ ರಾಜ್ಯದ ಕುರಿಯೊಂದು ನನ್ನ ಕಸ್ಟಡೀಲಿದೆ.”

ಆ ಕಡೆ ಡೆಸ್ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸ್ತು.

“ಏನು ಆರೋಪ?”

“ಅಡ್ಡಾದಿಡ್ಡಿ ಓಡಾಟ.”

“ಗಂಭೀರ ಕೇಸು ಮಾರಾಯ. ಗುರುವಾರ?”

“ಗುರುವಾರ.”

ಮೇಜು ಬಂತು, ಕೇಕು ಬಂತು, ರುಜು ಬಿತ್ತು. ಕುರಿಯ ಯಜಮಾನನಿಗೆ ಅದು ಬೇಡವಾಗಿತ್ತು, ಇಟ್ಕೊಳ್ರಪ್ಪ ಅಂದ. ಕಿವಿಯ ಬಿಲ್ಲೆ ಹೇಗೋ ಬಿದ್ದುಹೋಯ್ತು. ಮುಂದಿನ ವಾರ ಡೆಸ್ ಕೂಲಂಕಷ ತನಿಖೆ ಮಾಡಿ, ಈ ಕುರಿ ಸೌತ್ ಆಸ್ಟ್ರೇಲಿಯಾದ್ದು ಅಂತ ತೀರ್ಮಾನಿಸಿ ವಾಪಸ್ ತಂದ. ಅದರ ಮುಂದಿನ ವಾರ ಲಿಂಡ್ಸೆಗೆ ಹೊಸ ಸಾಕ್ಷ್ಯ ಸಿಕ್ತು. ಹೀಗೆ ಒಂದೇ ಕುರಿ ನಲವತ್ತೆರಡು ಸಲ ಗಡಿ ದಾಟಿತು. ಕೇಕು ತಿಂದು ತಿಂದು ಎಷ್ಟು ಊದಿತು ಅಂದ್ರೆ ಕೊನೆಕೊನೆಗೆ ಗೇಟಿನ ಎರಡೂ ಬಾಗಿಲು ತೆಗೀಬೇಕಾಗ್ತಿತ್ತು. ಇಬ್ಬರೂ ಹೆಚ್ಚೇನೂ ಮಾತಾಡ್ತಿರಲಿಲ್ಲ. ಡೆಸ್ ತನ್ನ ಮಂಡಿನೋವಿನ ವರದಿ ಕೊಡೋನು, ಲಿಂಡ್ಸೆ ತನ್ನ ನೀರಿನ ತೊಟ್ಟಿ ಸಮಾಚಾರ ಹೇಳೋನು. ಆಮೇಲೆ ಬೇಲಿ ಕಡೆ ನೋಡ್ತಾ ಕೂರೋರು.

ಕಾಗದವೆಲ್ಲ ಮೇಲಕ್ಕೆ ಹೋಗ್ತಾ ಇತ್ತು. ಒಂದು ದಿನ ಟ್ರೆಂಗೋವ್ ಮೇಡಂ ಮತ್ತೆ ಪರದೆ ಮೇಲೆ ಬಂದ್ರು. ಸಿಕ್ಕಿಬಿದ್ದೆ ಅಂದ್ಕೊಂಡ ಲಿಂಡ್ಸೆ. ಮೇಡಂ ನಗ್ತಾ ಇದ್ರು. ಹೊಸ ಕಾಯ್ದೆ ಬಂದ ಮೇಲೆ ಎರಡು ರಾಜ್ಯಗಳ ನಡುವೆ ಅತಿ ಹೆಚ್ಚು ಸಹಕಾರ ಕಂಡ ಜಾಗ ಇವರದ್ದೇ ಅಂತೆ. ನಲವತ್ತೆರಡು ಹಸ್ತಾಂತರ, ಒಂದೂ ತಕರಾರಿಲ್ಲ. ಎರಡೂ ಸರ್ಕಾರಕ್ಕೆ ಬಹಳ ಸಂತೋಷವಾಗಿದೆಯಂತೆ. ಇಷ್ಟು ಹೊಂದಾಣಿಕೆ ಇರೋ ಕಡೆ ಎರಡು ಠಾಣೆ ಯಾಕೆ, ಒಬ್ಬನೇ ಸಾಕು ಅಂತ ತೀರ್ಮಾನ ಆಗಿದೆಯಂತೆ. ಡೆಸ್‌ನ ಠಾಣೆ ಮುಚ್ಚಿ ಅವನನ್ನ ಸಮುದ್ರದ ಕಡೆಗೆ ಹಾಕಿದಾರೆ, ಶನಿವಾರ ಹೊರಡಬೇಕು. ಬೇಲಿಯ ಎರಡೂ ಮಗ್ಗುಲು ಇನ್ನು ನಿಮ್ಮದೇ ಲಿಂಡ್ಸೆ, ಅಂದ್ರು ಮೇಡಂ.

ಲಿಂಡ್ಸೆ ಥ್ಯಾಂಕ್ಸ್ ಹೇಳಿದ. ಪರದೆ ಆರಿಹೋಯ್ತು. ಆರಿದ ಪರದೇಲಿ ತನ್ನ ಮುಖವೇ ಕಾಣ್ತಿತ್ತು. ಕುರಿಯ ವಿಷಯ ಬಾಯಿಬಿಟ್ಟಿದ್ರೆ ಇಬ್ಬರ ಕೆಲಸಕ್ಕೂ ಕುತ್ತು. ಬಿಡದಿದ್ದಕ್ಕೆ ಹೀಗಾಯ್ತು.

ಗುರುವಾರ ಬೆಳಿಗ್ಗೆ ಕುರಿಯನ್ನ ವ್ಯಾನಿಗೆ ಹತ್ತಿಸಿದ. ಸ್ವಲ್ಪ ಹೊತ್ತು ನಿಂತು ಯೋಚಿಸಿ ಮತ್ತೆ ಇಳಿಸಿದ. ಅದನ್ನ ಇಳಿಸೋದೇ ಕಷ್ಟವಾಯ್ತು ನೋಡಿ, ಕುರಿಗೂ ಇಷ್ಟವಿರಲಿಲ್ಲ. ಗೇಟು ತೆಗೆದು ಆಚೆ ಹೋದ. ದಾರಿ ತುಂಬಾ ಒಂದೇ ವಾಕ್ಯ ಬಾಯಿಪಾಠ ಮಾಡ್ತಾ ಹೋದ. ದೊಡ್ಡದೇನಲ್ಲ, ಏಳೆಂಟು ಪದ. ಅಷ್ಟಕ್ಕೇ ಎರಡು ಸಲ ಗಾಡಿ ನಿಲ್ಲಿಸಿ ನೀರು ಕುಡೀಬೇಕಾಯ್ತು.

ಡೆಸ್‌ನ ಮನೆ ಇವನ ಮನೆಯ ಹಾಗೇ ಇತ್ತು. ಅದೇ ತಗಡಿನ ಸೂರು, ಜಾಲರಿ ಬಾಗಿಲಿನ ಹಿಂದೆ ಅದೇ ರೇಡಿಯೋದವಳು ಯಾರಿಗೋ ನಮಸ್ಕಾರ ಹೇಳ್ತಿದ್ದಳು. ವರಾಂಡದಲ್ಲಿ ಡಬ್ಬಗಳು ಕಟ್ಟಿ ಇಟ್ಟಿದ್ದವು. ಡೆಸ್ ಕೈ ಒರೆಸ್ಕೊಂಡು ಹೊರಗೆ ಬಂದ, ಇವನ ಹಿಂದೆ ವ್ಯಾನಿನ ಕಡೆ ನೋಡಿದ.

“ಕುರಿ ಎಲ್ಲಿ?”

“ಮನೇಲಿ.”

“ಮತ್ತೆ ಯಾವ ಕೇಸು?”

ಲಿಂಡ್ಸೆ ಟೋಪಿ ತೆಗೆದ. ಡೆಸ್ ಆ ಟೋಪಿ ನೋಡಿದ. ಮುಂದೆ ಏನು ಬರುತ್ತೆ ಅಂತ ಅವನಿಗೆ ಗೊತ್ತಾಗಿರಬೇಕು, ಯಾಕಂದ್ರೆ ಮುಖ ಕೆಂಪಾಗಿ, ಒಂದು ಹೆಜ್ಜೆ ಆಗಲೇ ಹಿಂದಿಟ್ಟಿದ್ದ.

“ಕೇಸು ಏನಿಲ್ಲ ಡೆಸ್,” ಅಂದ ಲಿಂಡ್ಸೆ. “ಹತ್ತೊಂಬತ್ತು ವರ್ಷದಿಂದ ಗುರುವಾರ ಬಂದ್ರೆ ನಂಗೆ—”

ಡೆಸ್ ಬೆನ್ನು ತಿರುಗಿಸಿ ಒಳಗೆ ಹೋಗಿ ಜಾಲರಿ ಬಾಗಿಲು ಹಾಕ್ಕೊಂಡ.