ಕೇಳಿದವರಿಗೆಲ್ಲ

“ಇಪ್ಪತ್ತಮೂರು,” ಎಂದರು ಮೇಷ್ಟ್ರು, ಮಡಿಸಿಟ್ಟ ಕುರ್ಚಿಯೊಂದನ್ನು ಬಿಡಿಸುತ್ತಲೇ.

ಚಿತಾಗಾರದ ಪಕ್ಕದ ಸಭಾಂಗಣಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಮೇಷ್ಟ್ರ ತೀರಿಹೋದ ಹೆಂಡತಿ ದುಡಿಯುತ್ತಿದ್ದ ಸಂಸ್ಥೆಯ ನಿರ್ದೇಶಕರು ಆ ಸಂಖ್ಯೆಯನ್ನು ತಮ್ಮ ಭಾಷಣದ ಚೀಟಿಯಲ್ಲಿ ಗುರುತು ಹಾಕಿಕೊಂಡರು. ಅಣು ಜೀವಶಾಸ್ತ್ರದಲ್ಲಿ ಮೂವತ್ತೊಂದು ವರ್ಷ, ಇಪ್ಪತ್ತಮೂರು ಪ್ರಬಂಧ. ಅವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದೂ ಅವರಿಗೆ ಗೊತ್ತಿತ್ತು. ಹೇಳಿಕೊಳ್ಳುವಂಥ ಲೆಕ್ಕವಲ್ಲವೆಂದು ಬಿಟ್ಟುಬಿಟ್ಟರು. ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರಿಗೆ ಹೆಂಡತಿಯ ಬದುಕು ಇಷ್ಟೇ ಆಯಿತಲ್ಲ ಎನ್ನಿಸಿತು.

ನಿರ್ದೇಶಕರು ಹಿಂಜರಿಯುತ್ತ ಜೇಬಿನಿಂದ ಲಕೋಟೆಯೊಂದನ್ನು ತೆಗೆದರು.

“ಇವತ್ತು ಕೇಳಬಾರದು, ಮೇಷ್ಟ್ರೇ. ಸೋಮವಾರ ಮೇಡಂ ಅವರ ಲ್ಯಾಬ್ ಕೋಣೆ ಹೊಸಬರಿಗೆ ಹೋಗುತ್ತೆ. ಸ್ಯಾಂಪಲ್ ಇಟ್ಟಿರೋ ಅವರ ಫ್ರೀಜರನ್ನ ನಾವು ಖಾಲಿ ಮಾಡ್ಬೇಕು. ನಿಮಗೊಂದು ಮಾತು ಹೇಳದೆ ಎಸೆಯೋಕೆ ಮನಸ್ಸಾಗಲಿಲ್ಲ. ಇದು ಒಪ್ಪಿಗೆ ಪತ್ರ.”

“ಹೋಗೋವಾಗ ಸಹಿ ಹಾಕಿ ಕೊಡ್ತೀನಿ ಬಿಡಿ,” ಎಂದು ಮೇಷ್ಟ್ರು ಲಕೋಟೆಯನ್ನು ಜೇಬಿಗೆ ಹಾಕಿಕೊಂಡರು. ಆ ಫ್ರೀಜರ್ ಎಂದರೆ ಅವರಿಗೆ ಅಷ್ಟಕ್ಕಷ್ಟೇ.

*

ಹದಿನಾಲ್ಕು ವರ್ಷಗಳ ಹಿಂದೆ ಆಕೆ ಒಂದು ಡಿಎನ್‌ಎ ತುಣುಕನ್ನು ಜೋಡಿಸಿದ್ದರು. ಅದನ್ನು ಸೇರಿಸಿದ ಜೀವಕೋಶದೊಳಗೆ ಒಂದು ಜೀನ್ ಕೆಲಸ ಶುರುಮಾಡಿದರೆ ಸಾಕು, ಆ ಕೋಶ ಹಸಿರಾಗಿ ಹೊಳೆಯುತ್ತಿತ್ತು. ನಾಲ್ಕು ವರ್ಷದ ದುಡಿಮೆ. ದೂರದ ಪ್ರಯೋಗಾಲಯದವರು ಯಾರೋ ಕೇಳಿದರೆಂದು, ಪ್ರಬಂಧ ಅಚ್ಚಾಗುವ ಮೊದಲೇ ಕಳಿಸಿಕೊಟ್ಟರು. ಅವರು ಅದನ್ನೇ ಬಳಸಿ, ದೊಡ್ಡ ಪತ್ರಿಕೆಯಲ್ಲಿ ಮೊದಲು ಬರೆದುಕೊಂಡರು. ಆಕೆಯದು ಎರಡನೆಯದಾಗಿ ಎಲ್ಲೋ ಮೂಲೆ ಸೇರಿತು. ಆ ವರ್ಷದ ಬಡ್ತಿಯೂ ಕೈತಪ್ಪಿತು.

“ಬುದ್ಧಿನೆಲ್ಲ ಆ ಫ್ರೀಜರಲ್ಲೇ ಇಟ್ಟು ಬರ್ತೀಯಾ ನೀನು?” ಎಂದು ಮೇಷ್ಟ್ರು ಕೂಗಾಡಿದ್ದರು.

ಒಣಗಿದ ಬಟ್ಟೆ ಮಡಿಸುತ್ತಿದ್ದ ಆಕೆ ತಲೆಯೆತ್ತಲಿಲ್ಲ. “ಕೇಳಿದ್ರು, ಕೊಟ್ಟೆ. ಕೊಟ್ಟಿದ್ದಕ್ಕೆ ನಂದೇನೂ ಖಾಲಿಯಾಗಲಿಲ್ಲವಲ್ಲ.”

ಮೇಷ್ಟ್ರು ಎರಡು ದಿನ ಮಾತು ಬಿಟ್ಟರು. ಸಿಟ್ಟು ಮಾತ್ರ ಹದಿನಾಲ್ಕು ವರ್ಷ ಒಳಗೇ ಉಳಿಯಿತು.

*

ಇಪ್ಪತ್ತು ಕುರ್ಚಿ ಸಾಲಲಿಲ್ಲ. ಗೋಡೆಯುದ್ದಕ್ಕೂ ಮೇಷ್ಟ್ರು ಎಂದೂ ನೋಡದ ಮುಖಗಳು. ಫ್ರೀಜರಿನ ಕೀಲಿಕೈಯನ್ನು ಸೆರಗಿಗೇ ಕಟ್ಟಿಕೊಂಡಿರುತ್ತಿದ್ದುದರಿಂದ ‘ಫ್ರೀಜರ್ ಅಕ್ಕ’ ಎಂದೇ ಹೆಸರಾಗಿದ್ದ ಪ್ರಯೋಗಾಲಯದ ಸಹಾಯಕಿ ಮೇಷ್ಟ್ರ ಪಕ್ಕದಲ್ಲಿ ನಿಂತಿದ್ದಳು.

“ಇವರೆಲ್ಲ ಯಾವ ಕಡೆ ಸಂಬಂಧ?”

“ಸ್ಯಾಂಪಲ್ ಸಂಬಂಧ, ಮೇಷ್ಟ್ರೇ. ಮೇಡಂ ಹತ್ರ ಕೇಳಿ ಇಸ್ಕೊಂಡೋರು.”

ಒಬ್ಬರು ಮಕ್ಕಳ ರಕ್ತದ ಕಾಯಿಲೆಯ ವೈದ್ಯೆ. ಇನ್ನೊಬ್ಬರು ಸಸ್ಯರೋಗ ಸಂಶೋಧಕರು, ರೈಲಿನಲ್ಲಿ ನಿಂತೇ ಬಂದಿದ್ದರಂತೆ. ಸ್ಯಾಂಪಲ್ ಜೊತೆಗೆ ಮೇಡಂ ಎರಡು ಪುಟದ ಕಾಗದವನ್ನೂ ಕಳಿಸುತ್ತಿದ್ದರೆಂದು ವೈದ್ಯೆ ಮೇಷ್ಟ್ರಿಗೆ ಹೇಳಿದರು.

“ಪ್ರಬಂಧದಲ್ಲಿ ಎಲ್ಲರೂ ಗೆದ್ದಿದ್ದನ್ನೇ ಬರೀತಾರೆ, ಸರ್. ಅವರು ತಾವು ಕೆಡಿಸಿದ್ದನ್ನೆಲ್ಲ ಬರೆದು ಕಳಿಸಿದ್ರು. ನನ್ನ ಎರಡು ವರ್ಷ ಉಳೀತು.”

ಮೇಷ್ಟ್ರು ಫ್ರೀಜರ್ ಅಕ್ಕನ ಕಡೆ ತಿರುಗಿದರು. “ಈಗಲೂ ಕೇಳ್ತಾರಾ?”

“ಹೋದ ವಾರ ಒಬ್ಬ ವಿದ್ಯಾರ್ಥಿನಿ ಬರೆದಿದ್ಲು. ಮೇಡಂ ಆಸ್ಪತ್ರೆಲಿದ್ರಲ್ಲ. ಹಾಗೇ ಉಳಿದಿದೆ.”

ಎಲ್ಲ ಮುಗಿದ ಮೇಲೆ ಮೇಷ್ಟ್ರು ಲಕೋಟೆಯನ್ನು ಸಹಿಯಿಲ್ಲದೆಯೇ ನಿರ್ದೇಶಕರ ಕೈಗಿತ್ತರು. ಕೋಣೆ ಹೊಸಬರಿಗೆ ಕೊಡಿ, ಫ್ರೀಜರ್‌ಗೆ ಬೇರೆ ಜಾಗ ನೋಡಿ ಎಂದರು. ಜಾಗವೆಲ್ಲಿದೆ ಎಂದು ನಿರ್ದೇಶಕರು ತಲೆ ಕೆರೆದುಕೊಳ್ಳುವಷ್ಟರಲ್ಲಿ, ನಮ್ಮಲ್ಲಿದೆ, ನಾಳೆಯೇ ಗಾಡಿ ತರುತ್ತೇನೆ ಎಂದರು ಸಸ್ಯರೋಗದವರು.

ಮೇಷ್ಟ್ರು ಮನೆಗೆ ಹೋಗಲಿಲ್ಲ. ಪ್ರಯೋಗಾಲಯದ ಮೇಜಿನೆದುರು ಎತ್ತರದ ಸ್ಟೂಲಿನ ಮೇಲೆ ಕೂತರು. ಫ್ರೀಜರ್ ಅಕ್ಕ ಆ ವಿದ್ಯಾರ್ಥಿನಿ ಕೇಳಿದ್ದ ಡಿಎನ್‌ಎ ಇದ್ದ ಪುಟ್ಟ ನಳಿಕೆಯೊಂದನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು ಕರಗಿಸಿ, ಶೋಧಕ ಕಾಗದದ ಚೂರಿನ ಮೇಲೆ ಒಂದೇ ಒಂದು ಹನಿ ಬಿಟ್ಟಳು. ಅಂಚೆಯಲ್ಲಿ ಹೋಗುವುದು ಹೀಗೆಯೇ ಅಂತೆ.

“ಒಣಗಿದ್ರೆ ಎಲ್ಲಿದೆ ಅಂತಾನೇ ತಿಳಿಯಲ್ಲ, ಮೇಷ್ಟ್ರೇ. ಬೇಗ ಸುತ್ತ ಗೆರೆ ಎಳೀರಿ.”

ಮೂವತ್ತು ವರ್ಷ ಹಲಗೆಯ ಮೇಲೆ ಬರಿಗೈಯಲ್ಲೇ ವೃತ್ತ ಬರೆದವರಿಗೆ ಈ ಪುಟ್ಟ ವೃತ್ತ ಸೊಟ್ಟಗಾಯಿತು. ತೇವ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬಂತು. ಕಾಗದ ಪೂರ್ತಿ ಬೆಳ್ಳಗಾದರೂ ಮೇಷ್ಟ್ರು ಪೆನ್ಸಿಲ್ ಕೆಳಗಿಡದೆ ಆ ಸೊಟ್ಟ ಗೆರೆಯ ಒಳಗನ್ನೇ ನೋಡುತ್ತಿದ್ದರು.