ಬಸ್ಸು ನಿಲ್ಲಬಾರದಿತ್ತು

ಯಲ್ಲಕ್ಕನಿಗೆ ಮೊಣಕಾಲು ನೋವು ಹಿಡಿದುಕೊಳ್ಳದಿದ್ದರೆ ಅವಳ ಮಗ ಪರಮೇಶ ಹೋರಾಟಗಾರನಾಗುತ್ತಿರಲಿಲ್ಲ. ವಾರಕ್ಕೊಮ್ಮೆ ಮುಧೋಳದ ಡಾಕ್ಟರ ಹತ್ತಿರ ಹೋಗಬೇಕು. ಬಸ್ಸು ಮಾತ್ರ ಅವರ ಬೀರಪ್ಪನ ಗುಡಿ ಕ್ರಾಸಿನಲ್ಲಿ ನಿಲ್ಲದೆ ಧೂಳೆಬ್ಬಿಸಿಕೊಂಡು ಹೋಗಿಬಿಡುತ್ತಿತ್ತು. ಮುದುಕಿ ಕೋಲೂರಿಕೊಂಡು ರನ್ನ ಬೆಳಗಲಿಯವರೆಗೆ ನಡೆದು ಬಸ್ಸು ಹಿಡಿಯಬೇಕು. ಒಮ್ಮೆ ಆಕೆ ನಡುದಾರಿಯಲ್ಲೇ ಕುಳಿತು ಅತ್ತದ್ದನ್ನು ಕಂಡು ಮಗನ ಕರುಳು ಚುರುಕ್ ಎಂದಿತು. ಆ ಸಂಕಟ ನಿಜವಾದದ್ದೇ. ಆಮೇಲೆ ಅದರ ಮೇಲೆ ಏನೇನು ಬೆಳೆಯಿತೋ ಅದು ಬೇರೆ ಮಾತು.

ಪರಮೇಶ ಕ್ರಾಸಿನಲ್ಲಿ ಶಾಮಿಯಾನ ಹಾಕಿಸಿ ಉಪವಾಸ ಕುಳಿತ. ಗೆಳೆಯ ಅಪ್ಪಾಸಾಬ ಹೊಸ ಮೊಬೈಲಿನಲ್ಲಿ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಏರಿಸಿದ. ಸಂಜೆಯೊಳಗೆ ಸಾವಳಗಿ, ಜಮಖಂಡಿ, ಬನಹಟ್ಟಿ ಕಡೆಯಿಂದೆಲ್ಲ ಲೈಕು ಬಂದು ಬಿದ್ದವು. ಯಾರೋ ‘ಬಡವರ ಹುಲಿ’ ಎಂದು ಬರೆದರು. ಹುಲಿ ಗುಡಿಯ ಹಿಂದೆ ಹೋಗಿ, ತಾಯಿ ತಂದ ರೊಟ್ಟಿ, ಪುಂಡಿಪಲ್ಯ ಹೊಡೆದು, ಬಾಯಿ ಒರೆಸಿಕೊಂಡು ಮತ್ತೆ ಬಂದು ಕುಳಿತಿತು.

“ಉಂಡ ಮಾರಿ ಫೋಟೋದಾಗ ಗೊತ್ತಾಗ್ತೈತಿ ಲೇ. ಜರಾ ಕುತಗಿ ವಾಲಿಸು,” ಅಂದ ಅಪ್ಪಾಸಾಬ.

ಇದು ನಡೆದಿರುವಾಗ ಒಂದು ಮಧ್ಯಾಹ್ನ ಡಿಪೋ ಮ್ಯಾನೇಜರ್ ಗಿರಮಲ್ಲಪ್ಪ ಬೈಕಿನಲ್ಲಿ ಬಂದರು. ಸಾಧು ಮನುಷ್ಯ. ಪರಮೇಶನ ಪಕ್ಕದಲ್ಲೇ ಕುಳಿತು ಮೆಲ್ಲಗೆ ಹೇಳಿದರು: “ಇಷ್ಟಕ್ಕ ಉಪವಾಸ ಯಾಕರಿ? ಬಂದು ಒಂದ್ ಮಾತು ಹೇಳಿದ್ರ ಸಾಕಿತ್ತು. ನಾಳಿಂದ ಬಸ್ ನಿಲ್ತೈತಿ, ಏಳ್ರಿ.”

ಪರಮೇಶ ಏಳುವ ಬದಲು ಗಾಬರಿಯಿಂದ ಅತ್ತಿತ್ತ ನೋಡಿದ. ನಾಳೆಯೇ ಬಾಗಲಕೋಟೆಯಿಂದ ಟಿವಿಯವರು ಬರುವವರಿದ್ದರು! ಮ್ಯಾನೇಜರನ್ನು ಬೇವಿನ ಮರದ ಮರೆಗೆ ಕರೆದೊಯ್ದು ಕೈ ಮುಗಿದ.

“ಸಾಹೇಬ್ರ, ನಾಳಿ ಒಂದಿನ ಬ್ಯಾಡರಿ. ನಾಡದ್ದಿಂದ ನಿಲ್ಲಸ್ರಿ. ಆದ್ರ ನಾಳಿ ಬಂದು ಟಿವಿ ಮುಂದ ನನಗ ನಾಕು ಬೈದು ಹೋಗ್ರಿ.”

“ನನಗ ಬೈಯಾಕ ಬರೂದಿಲ್ಲರಿ,” ಎಂದು ಗಿರಮಲ್ಲಪ್ಪ ಬೈಕು ಒದ್ದು ಹೊರಟೇಬಿಟ್ಟರು. ಈ ಸುದ್ದಿಯನ್ನು ಪರಮೇಶ ಯಾರಿಗೂ ಹೇಳಲಿಲ್ಲ. ತಾಯಿಗಾದರೂ ಹೇಳಬೇಕಿತ್ತು; ಹೇಳಲಿಲ್ಲ.

ಮರುದಿನ ಟಿವಿಯವರು ಬಂದರು, ಮೈಕು ಹಿಡಿದರು. ಪರಮೇಶ ಕುತ್ತಿಗೆ ವಾಲಿಸಿಕೊಂಡೇ ಗುಡುಗಿದ: “ನಮ್ಮ ತಾಯಂದ್ರ ಸಲುವಾಗಿ ಜೀವಾ ಕೊಡ್ತೇನಿ! ಬಸ್ ಇಲ್ಲಿ ನಿಲ್ಲೂತನಾ ನಾ ಏಳೂದಿಲ್ಲ!”

ಬಸ್ಸು ಬಂತು. ನಿಂತಿತು.

“ಯಾರು ಹತ್ತೋರು? ಲಗೂ ಬರ್ರಿ,” ಎಂದು ಕಂಡಕ್ಟರ್ ಬಾಗಿಲು ತೆರೆದ.

ಅಂದು ಯಲ್ಲಕ್ಕ ಡಾಕ್ಟರ ಹತ್ತಿರ ಹೋಗುವ ದಿನ. “ನಿಂತಿತೋ ನಮ್ಮಪ್ಪಾ ಬೀರಪ್ಪಾ!” ಎಂದು ಮುದುಕಿ ಕೋಲೂರಿ ಓಡುನಡಿಗೆಯಲ್ಲಿ ಹೊರಟಳು. ಅಷ್ಟರಲ್ಲಿ, ಉಪವಾಸದಿಂದ ಏಳಲಾರದ ಮಗ ಚಂಗನೆ ಹಾರಿ ಬಂದು ಬಸ್ಸಿನ ತಗಡು ದಬದಬ ಬಡಿದ.

“ನಿಲ್ಲಸಬ್ಯಾಡ್ರಿ! ಹೋಗ್ರಿ! ಹೋಗ್ರಿ, ಹೋಗ್ರಿ!”

ಡ್ರೈವರ್ ಗಲಾಟೆಯೆಂದು ಹೆದರಿ ಗಾಡಿ ಬಿಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಯಲ್ಲಕ್ಕ ಎತ್ತಿದ ಕೈ ಎತ್ತಿದಂತೆಯೇ ಧೂಳಿನಲ್ಲಿ ನಿಂತಳು. ಮಗನ ಮುಖವನ್ನೊಮ್ಮೆ ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಆಕೆ ಕೋಲೂರಿಕೊಂಡು ಬೆಳಗಲಿಯ ದಾರಿ ಹಿಡಿದು ನಡೆದಳು. ಕ್ಯಾಮೆರಾ ಎಲ್ಲವನ್ನೂ ಹಿಡಿದುಕೊಂಡಿತು.

ಪರಮೇಶ ಬಯಸಿದ ಹೆಸರು ಬಂತು. ಬೀಳಗಿಯ ಚಹಾದಂಗಡಿಯಲ್ಲೂ ಜನ ಅವನ ವಿಡಿಯೋ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಸ್ಸು ಈಗ ದಿನವೂ ಅಲ್ಲಿ ನಿಲ್ಲುತ್ತದೆ. ಬೀರಪ್ಪನ ಗುಡಿ ಕ್ರಾಸ್ ಎಂದು ಯಾರೂ ಅನ್ನುವುದಿಲ್ಲ. “ಹೋಗ್ರಿ ಸ್ಟಾಪ್, ಇಳೀರಿ!” ಎಂದು ಕಂಡಕ್ಟರ್ ಕೂಗುತ್ತಾನೆ, ಬಸ್ಸಿಗೆ ಬಸ್ಸೇ ನಗುತ್ತದೆ.

ಪರಮೇಶ ನಾಚಿಕೆ ನುಂಗಿಕೊಂಡು ಪ್ರತಿ ವಾರ ತಾಯಿಯ ಜೊತೆ ಹೋಗಿ ಬರುತ್ತಾನೆ. ತಾನು ಮೊದಲು ಇಳಿದು, ಆಕೆಯನ್ನು ಇಳಿಸಿಕೊಳ್ಳಲು ಕೈ ಚಾಚುತ್ತಾನೆ.

ಯಲ್ಲಕ್ಕ ಮೆಟ್ಟಿಲ ಮೇಲೆ ನಿಂತು ಸುತ್ತಮುತ್ತ ನೋಡುತ್ತಾಳೆ. “ಯಾರೂ ಫೋಟೋ ತಗಿಯಾಕತ್ತಿಲ್ಲಲ್ಲಪಾ?” ಎಂದು ಕೇಳುತ್ತಾಳೆ.

“ಇಲ್ಲ ಬೇ ಯವ್ವಾ.”

ಆಮೇಲೆ ಅವನ ಕೈ ಹಿಡಿಯುತ್ತಾಳೆ.